ಸಣ್ಣ ಚೀಲ ಮೊದಲು, ಸೂಟ್‌ಕೇಸ್ ಆಮೇಲೆ: ಮುಂಬೈ–ಗೋವಾ ಕ್ರೂಸ್‌ಗೆ ಹಗುರವಾಗಿ ಹೊರಡುವ ಸಮಗ್ರ ಮಾರ್ಗದರ್ಶಿ

ಮುಂಬೈಯಿಂದ ಕ್ರೂಸ್‌ಗೆ ಹೋಗಿಬಂದವರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸೂಟ್‌ಕೇಸ್ ಕ್ಯಾಬಿನ್‌ಗೆ ಬರುವಾಗ ರಾತ್ರಿಯಾಯಿತು, ಅಷ್ಟು ಹೊತ್ತೂ ಬೆವರಿದ ಬಟ್ಟೆಯಲ್ಲೇ ಇದ್ದೆವು. ಬಿ.ಪಿ. ಮಾತ್ರೆ ಆ ಸೂಟ್‌ಕೇಸಿನೊಳಗೇ ಉಳಿದಿತ್ತು. ಇಸ್ತ್ರಿಪೆಟ್ಟಿಗೆಯನ್ನು ಸೆಕ್ಯೂರಿಟಿಯವರು ತೆಗೆದಿಟ್ಟುಕೊಂಡರು. ಒಯ್ದ ಬಟ್ಟೆಯಲ್ಲಿ ಅರ್ಧದಷ್ಟು ಮಡಿಕೆ ಬಿಚ್ಚದೆ ವಾಪಸ್ ಬಂತು, ಆದರೆ ಹೊದೆಯಲು ಒಂದು ಶಾಲು ಇರಲಿಲ್ಲ.

ಸಾಮಾನು ಹೆಚ್ಚಾದದ್ದು ಇದಕ್ಕೆ ಒಂದು ಕಾರಣ, ನಿಜ. ಅದಕ್ಕಿಂತ ದೊಡ್ಡ ಕಾರಣ, ಪ್ಯಾಕಿಂಗ್‌ನ ಕ್ರಮವೇ ತಲೆಕೆಳಗಾಗಿರುವುದು. ನಾವು ದೊಡ್ಡ ಸೂಟ್‌ಕೇಸನ್ನು ಮೊದಲು ತೆರೆದಿಟ್ಟು ಕಪಾಟಿನಲ್ಲಿ ಸಿಕ್ಕಿದ್ದನ್ನೆಲ್ಲ ಹಾಕುತ್ತೇವೆ. ಹೊರಡುವ ಗಡಿಬಿಡಿಯಲ್ಲಿ ಪರ್ಸ್, ಟಿಕೆಟ್, ಚಾರ್ಜರ್ ಕೈಚೀಲಕ್ಕೆ ತುರುಕುತ್ತೇವೆ. ಆದರೆ ಹಡಗಿನ ಪ್ರವಾಸದಲ್ಲಿ ದೊಡ್ಡ ಬ್ಯಾಗ್ ನಿಮ್ಮ ಕೈಬಿಟ್ಟು ಎರಡು ಸಲ ಹೋಗುತ್ತದೆ: ಹತ್ತುವ ದಿನ ಮಧ್ಯಾಹ್ನದಿಂದ ರಾತ್ರಿಯವರೆಗೆ, ಮತ್ತೆ ಇಳಿಯುವ ಹಿಂದಿನ ರಾತ್ರಿಯಿಂದ ಮರುದಿನ ಬಂದರಿನ ಹಾಲ್ ಮುಟ್ಟುವವರೆಗೆ. ಈ ಎರಡು ಹೊತ್ತಿಗೆ ಬೇಕಾದದ್ದು ಸಣ್ಣ ಚೀಲದಲ್ಲಿದ್ದರೆ ಅರ್ಧ ಕಿರಿಕಿರಿ ಅಲ್ಲೇ ಮುಗಿಯಿತು.

ಇಲ್ಲಿರುವ ಲೆಕ್ಕ ಮುಂಬೈಯಿಂದ ಹೊರಟು ಗೋವಾ ಮುಟ್ಟಿ ಬರುವ 2–3 ರಾತ್ರಿಗಳ ಪ್ರವಾಸಕ್ಕೆ. ಕೊಚ್ಚಿ, ಲಕ್ಷದ್ವೀಪದ ಕಡೆಗೆ 4–5 ರಾತ್ರಿ ಹೋಗುವವರು ಎರಡು ಮೇಲಂಗಿ, ಎರಡು ಜೊತೆ ಒಳಉಡುಪು ಸೇರಿಸಿಕೊಂಡರೆ ಸಾಕು. ಮಾತ್ರೆ ಬಿಟ್ಟರೆ ಬೇರೆ ಯಾವುದನ್ನೂ ಹೆಚ್ಚಿಸಬೇಕಾಗಿಲ್ಲ.

## ಮೊದಲು ಒಟ್ಟು ಮಾಡಿಕೊಳ್ಳಬೇಕಾದದ್ದು

ತಲಾ ಒಂದು 20 ಇಂಚಿನ ಬ್ಯಾಗ್, ಆದಷ್ಟು ಮೆತ್ತನೆಯದು. ಬೆನ್ನಿಗೆ ಹಾಕುವ ಒಂದು ಸಣ್ಣ ಚೀಲ. ಮಡಚಿದರೆ ಅಂಗೈಯಲ್ಲಿ ಹಿಡಿಸುವ ಬಟ್ಟೆಯ ಒಂದು ಕೈಚೀಲ. ಜಿಪ್ ಇರುವ ನಾಲ್ಕೈದು ಬಟ್ಟೆಯ ಪೌಚ್‌ಗಳು, ಒದ್ದೆ ಬಟ್ಟೆಗೆ ಎರಡು ಗಟ್ಟಿ ಪ್ಲಾಸ್ಟಿಕ್ ಕವರ್. ಮತ್ತೆ ನಾಲ್ಕು ಅಯಸ್ಕಾಂತದ ಕೊಕ್ಕೆಗಳು. ಇವು ಯಾಕೆಂದು 8ನೇ ಹಂತದಲ್ಲಿ ಹೇಳುತ್ತೇನೆ. ಹೊಸದಾಗಿ ಕೊಳ್ಳಬೇಕಾದರೆ ಕ್ರಾಫರ್ಡ್ ಮಾರ್ಕೆಟ್ ಸುತ್ತಿನಲ್ಲಿ ಇವೆಲ್ಲ ಸಿಗುತ್ತವೆ. ಬ್ಯಾಗ್ ಮಾತ್ರ ಮನೆಯಲ್ಲಿರುವುದನ್ನೇ ಬಳಸಿ.

28 ಇಂಚಿನ ಗಟ್ಟಿ ಸೂಟ್‌ಕೇಸ್ ಬೇಡ. ಹಡಗಿನ ಒಳಗಿನ ಸಾಧಾರಣ ಕ್ಯಾಬಿನ್ ಎಂದರೆ 120 ರಿಂದ 180 ಚದರಡಿ, ಬಾತ್‌ರೂಮ್ ಸೇರಿ. ಅಲ್ಲಿ ಅಂಥ ಪೆಟ್ಟಿಗೆ ತೆರೆದಿಟ್ಟರೆ ನಡೆದಾಡಲು ಜಾಗವೇ ಇರುವುದಿಲ್ಲ. ಮೆತ್ತನೆಯ ಬ್ಯಾಗ್ ಮಂಚದ ಅಡಿಗೆ ಸರಿಯುತ್ತದೆ.

## 1. ಬ್ಯಾಗ್ ತೆರೆಯುವ ಮೊದಲು ಟಿಕೆಟ್ ಓದಿ

ಹೊರಡಲು ಒಂದು ವಾರ ಇರುವಾಗ ಕಂಪನಿ ಕಳಿಸಿದ ಟಿಕೆಟ್, ನಿಷಿದ್ಧ ಸಾಮಾನುಗಳ ಪಟ್ಟಿ, ಡ್ರೆಸ್ ಕೋಡ್ ಮೂರನ್ನೂ ಕೂತು ಓದಿ. ವೆಬ್ ಚೆಕ್‌ಇನ್ ಅಂದೇ ಮುಗಿಸಿ. ಅದನ್ನು ಬಂದರಿನ ಸಾಲಿನಲ್ಲಿ ನಿಂತು ಮಾಡಹೊರಟರೆ ಇಡೀ ಕುಟುಂಬ ಬಿಸಿಲಲ್ಲಿ ಕಾಯಬೇಕಾಗುತ್ತದೆ.

ದೇಶದೊಳಗಿನ ಪ್ರವಾಸಕ್ಕೆ ಸರ್ಕಾರ ಕೊಟ್ಟ ಫೋಟೊ ಗುರುತುಪತ್ರ ಬೇಕು, ಮೂಲಪ್ರತಿಯೇ ಇರಲಿ. ಮಕ್ಕಳ ಗುರುತುಪತ್ರ ಮರೆಯುವವರು ಬಹಳ. ಶ್ರೀಲಂಕಾದಂಥ ಹೊರದೇಶ ಮುಟ್ಟುವ ಹಡಗಾದರೆ ಪಾಸ್‌ಪೋರ್ಟ್ ಬೇಕು. ಲಕ್ಷದ್ವೀಪಕ್ಕೆ ಪ್ರವೇಶದ ಪರವಾನಗಿ ಇದೆ. ಅದನ್ನು ಕಂಪನಿಯವರೇ ಮಾಡಿಸುತ್ತಾರೋ, ನೀವೇ ಮಾಡಿಸಬೇಕೋ ಎಂದು ಬುಕ್ ಮಾಡುವಾಗಲೇ ಕೇಳಿ. ಮನೆಯಲ್ಲಿ ಗರ್ಭಿಣಿ ಅಥವಾ ಹಸುಗೂಸು ಇದ್ದರೆ ಅದನ್ನೂ ಆಗಲೇ ಹೇಳಿ. 24 ವಾರ ದಾಟಿದ ಗರ್ಭಿಣಿಯರನ್ನೂ 6 ತಿಂಗಳಿಗಿಂತ ಚಿಕ್ಕ ಮಕ್ಕಳನ್ನೂ ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಈಗ ನಿಷಿದ್ಧ ಪಟ್ಟಿ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೆಂಕಿಯದು, ಪಟ್ಟಿಯ ಬಹುಪಾಲು ಅದಕ್ಕೆ ಸಂಬಂಧಿಸಿದ್ದು. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ರಾಡ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್, ಮೇಣದಬತ್ತಿ ಯಾವುದನ್ನೂ ಬಿಡುವುದಿಲ್ಲ. ನಮ್ಮ ಮನೆಗಳ ಮಟ್ಟಿಗೆ ಹೇಳಬೇಕಾದರೆ ಊದುಬತ್ತಿ, ಕರ್ಪೂರ, ಬೆಂಕಿಪೊಟ್ಟಣ, ದೀಪದ ಬತ್ತಿ–ಎಣ್ಣೆ ಎಲ್ಲ ಮನೆಯಲ್ಲೇ ಇರಲಿ. ದಿನಾ ದೇವರಿಗೆ ಕೈಮುಗಿಯದೆ ಕಾಫಿ ಕುಡಿಯದ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ ಹೇಳಿ, ಹಡಗಿನ ಬಾಗಿಲಲ್ಲಿ ಅಲ್ಲ. ಒಂದು ಚಿಕ್ಕ ಫೋಟೊ, ಸ್ತೋತ್ರದ ಪುಸ್ತಕ, ಕುಂಕುಮದ ಡಬ್ಬಿ ಇಟ್ಟುಕೊಂಡರೆ ಕ್ಯಾಬಿನ್‌ನಲ್ಲೇ ಅವರ ಪೂಜೆ ನಡೆಯುತ್ತದೆ.

ಇನ್ನೊಂದು, ಅಡಕತ್ತರಿ. ಎಲೆಅಡಿಕೆಯ ಸಂಚಿಯೊಳಗೆ ಅದು ಇರುವುದು ಯಾರ ನೆನಪಿಗೂ ಬರುವುದಿಲ್ಲ. ಸ್ಕ್ಯಾನರ್‌ಗೆ ಅದು ಚೂಪಾದ ಆಯುಧವಾಗಿಯೇ ಕಾಣುತ್ತದೆ. ಅಡಿಕೆಯನ್ನು ಮನೆಯಲ್ಲೇ ಕತ್ತರಿಸಿ ಡಬ್ಬಿಗೆ ಹಾಕಿ.

ಚಕ್ಕುಲಿ, ಕೋಡುಬಳೆ, ಹುರಿದ ಅವಲಕ್ಕಿಯ ಡಬ್ಬಿಗಳ ಬಗ್ಗೆ ಪ್ರತಿ ಮನೆಯಲ್ಲೂ ವಾದ ನಡೆಯುತ್ತದೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಲವು ಕಂಪನಿಗಳು ಒಳಗೆ ಬಿಡುವುದಿಲ್ಲ. ಬಿಟ್ಟರೂ ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಊಟತಿಂಡಿ ಇರುತ್ತದೆ, ಮುಂಬೈಯಿಂದ ಹೊರಡುವ ಹಡಗುಗಳಲ್ಲಿ ಸಸ್ಯಾಹಾರಕ್ಕೂ ಕೊರತೆಯಿಲ್ಲ. ಮಗುವಿನ ಆಹಾರ, ಸಕ್ಕರೆ ಕಾಯಿಲೆಯವರಿಗೆ ಸೀಲ್ ಇರುವ ಬಿಸ್ಕತ್ ಪೊಟ್ಟಣ, ಇಷ್ಟು ಸಾಕು.

## 2. ಸಣ್ಣ ಚೀಲವನ್ನು ಮೊದಲು ತುಂಬಿ

ಇದೊಂದು ಹಂತವನ್ನು ನಿಧಾನವಾಗಿ ಮಾಡಿ. ಬಂದರಿನಲ್ಲಿ ದೊಡ್ಡ ಬ್ಯಾಗ್ ಒಪ್ಪಿಸಿದ ಮೇಲೆ ಅದು ಕ್ಯಾಬಿನ್ ಬಾಗಿಲಿಗೆ ಬರಲು ಹಲವು ಗಂಟೆ ಹಿಡಿಯುತ್ತದೆ. ಸಾವಿರಾರು ಬ್ಯಾಗ್‌ಗಳು ಸ್ಕ್ಯಾನ್ ಆಗಿ, ಡೆಕ್‌ವಾರು ವಿಂಗಡವಾಗಿ ಬರಬೇಕು. ರಾತ್ರಿ ಊಟವಾದ ಮೇಲೆ ಬಂದರೂ ಅದು ತಡವಲ್ಲ. ಹಾಗಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ: ದೊಡ್ಡ ಬ್ಯಾಗ್ ನಾಳೆ ಬೆಳಿಗ್ಗೆಯವರೆಗೂ ಬಾರದಿದ್ದರೆ ನನಗೆ ಏನೇನು ಬೇಕು?

ಗುರುತುಪತ್ರ, ಬೋರ್ಡಿಂಗ್ ಪಾಸಿನ ಕಾಗದದ ಪ್ರತಿ, ದುಡ್ಡು, ಕಾರ್ಡ್, ಒಡವೆ. ಇಡೀ ಪ್ರವಾಸದ ಮಾತ್ರೆಗಳು, ಒಂದು ಹೊತ್ತಿನದಲ್ಲ. ಕನ್ನಡಕ. ಫೋನ್ ಚಾರ್ಜರ್, ಪವರ್ ಬ್ಯಾಂಕ್ (ಬ್ಯಾಟರಿ ಇರುವ ವಸ್ತುವನ್ನು ದೊಡ್ಡ ಬ್ಯಾಗಿಗೆ ಹಾಕಲೇಬೇಡಿ). ಒಂದು ತೆಳು ಶಾಲು ಅಥವಾ ಸ್ವೆಟರ್. ಒಂದು ಜೊತೆ ಬದಲಿ ಬಟ್ಟೆ, ಮಕ್ಕಳಿಗೆ ಎರಡು. ಈಜುಡುಗೆ. ತೆಳ್ಳನೆಯ ಚಪ್ಪಲಿ. ಖಾಲಿ ನೀರಿನ ಬಾಟಲಿ.

ಈಜುಡುಗೆ ಇಲ್ಲಿ ಯಾಕೆ ಎಂದರೆ, ಹತ್ತಿದ ಮಧ್ಯಾಹ್ನ ಕೊಳದ ಹತ್ತಿರ ಜನ ಕಡಿಮೆ, ಮಕ್ಕಳು ನೀರು ಕಂಡಕೂಡಲೇ ಹಟ ಹಿಡಿಯುತ್ತಾರೆ. ಹತ್ತಿಯ ಟೀಶರ್ಟ್, ಬರ್ಮುಡಾದಲ್ಲಿ ಕೊಳಕ್ಕೆ ಬಿಡುವುದಿಲ್ಲ, ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಬೇಕು.

ಬಿ.ಪಿ., ಸಕ್ಕರೆ, ಥೈರಾಯ್ಡ್ ಇರುವವರು ಪ್ರವಾಸದ ದಿನಗಳಿಗಿಂತ ಎರಡು ದಿನದ ಮಾತ್ರೆ ಹೆಚ್ಚು ಇಟ್ಟುಕೊಳ್ಳಿ. ಅರಬ್ಬೀ ಸಮುದ್ರದಲ್ಲಿ ಮಳೆಗಾಲದ ಹಿಂದುಮುಂದಿನ ತಿಂಗಳುಗಳಲ್ಲಿ ಚಂಡಮಾರುತ ಏಳುವುದುಂಟು. 2021 ರ ಮೇನಲ್ಲಿ ತೌಕ್ತೆ ಮುಂಬೈ ಪಕ್ಕದಲ್ಲೇ ಹಾದುಹೋಯಿತು. ಹವೆ ಕೆಟ್ಟರೆ ಹಡಗಿನ ದಾರಿಯೂ ದಿನವೂ ಬದಲಾಗಬಹುದು, ನಡುಸಮುದ್ರದಲ್ಲಿ ನಿಮ್ಮದೇ ಬ್ರ್ಯಾಂಡಿನ ಮಾತ್ರೆ ಸಿಗಲಾರದು. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ, ಡಾಕ್ಟರ ಚೀಟಿಯ ಒಂದು ಫೋಟೊ ಜೊತೆಗಿರಲಿ.

## 3. ಬಟ್ಟೆ: ಕೆಳಗಿನದು ಒಂದೇ ಬಣ್ಣ, ಮೇಲಿನದು ಬೇರೆಬೇರೆ

ಬಟ್ಟೆ ಹೆಚ್ಚಾಗುವುದು ದಿನಕ್ಕೊಂದು ಜೊತೆ ಎಂದು ಲೆಕ್ಕ ಹಾಕುವುದರಿಂದ. ಜೊತೆಯ ಲೆಕ್ಕ ಬಿಡಿ. ಪ್ಯಾಂಟ್, ಲೆಗ್ಗಿಂಗ್‌ಗಳನ್ನು ಕಪ್ಪು ಅಥವಾ ಕಡುನೀಲಿಯಲ್ಲೇ ಆರಿಸಿ. ಆಗ ಯಾವ ಮೇಲಂಗಿಯನ್ನೂ ಯಾವುದಕ್ಕಾದರೂ ಹಾಕಬಹುದು.

3 ರಾತ್ರಿಗೆ ಹೆಂಗಸರಿಗೆ ಮೂರು ಕುರ್ತಾ ಅಥವಾ ಟಾಪ್, ಕೆಳಗೆ ಎರಡು, ರಾತ್ರಿ ಊಟಕ್ಕೆ ಒಂದು ಒಳ್ಳೆಯ ಉಡುಪು, ಮಲಗಲು ಒಂದು ಜೊತೆ, ನಾಲ್ಕು ಜೊತೆ ಒಳಉಡುಪು. ಗಂಡಸರಿಗೆ ಮೂರು ಶರ್ಟ್ ಅಥವಾ ಟೀಶರ್ಟ್, ಒಂದು ಪ್ಯಾಂಟ್, ಒಂದು ಚಡ್ಡಿ, ತುಂಬುತೋಳಿನ ಕಾಲರ್ ಶರ್ಟ್ ಒಂದು, ಮಲಗಲು ಲುಂಗಿ. ಹಾಕಿಕೊಂಡು ಹೊರಡುವ ಬಟ್ಟೆಯೂ ಈ ಲೆಕ್ಕದೊಳಗೇ ಬಂತು.

ರಾತ್ರಿಯ ಊಟದ ಹಾಲ್‌ಗೆ ಚಡ್ಡಿ, ಬನಿಯನ್, ಲುಂಗಿ, ರಬ್ಬರ್ ಚಪ್ಪಲಿ ನಡೆಯುವುದಿಲ್ಲ. ಹಾಗೆಂದು ಕೋಟು ಹೊತ್ತುಕೊಂಡು ಹೋಗುವ ಅಗತ್ಯವೂ ಇಲ್ಲ. ಸೀರೆ ಉಡುವವರಿಗೆ ನನ್ನ ಸಲಹೆ: ಒಂದೇ ಒಂದು ಒಯ್ಯಿರಿ, ಅದು ಕ್ರೇಪ್ ಅಥವಾ ಜಾರ್ಜೆಟ್ ಆಗಿರಲಿ. ಕಾಟನ್ ಸೀರೆ ಮುದುಡುತ್ತದೆ, ಇಸ್ತ್ರಿಗೆ ದಾರಿಯಿಲ್ಲ. ರೇಷ್ಮೆಯಲ್ಲಿ ತೂಕವೂ ಹೆಚ್ಚು, ಉಪ್ಪುಗಾಳಿಯ ತೇವಕ್ಕೆ ಕಲೆಯ ಭಯವೂ ಇದೆ. ಅದರ ರವಿಕೆ, ಲಂಗವನ್ನು ಸೀರೆಯ ಮಡಿಕೆಯೊಳಗೇ ಇಟ್ಟು ಸುತ್ತಿದರೆ ಮೂರೂ ಒಟ್ಟಿಗೆ ಸಿಗುತ್ತವೆ.

ಎಲ್ಲರೂ ತಪ್ಪುವುದು ಚಳಿಯ ವಿಷಯದಲ್ಲಿ. ಮುಂಬೈಯ ಸೆಕೆಯಲ್ಲಿ ಪ್ಯಾಕ್ ಮಾಡುವಾಗ ಸ್ವೆಟರ್ ನೆನಪಿಗೆ ಬರುವುದಿಲ್ಲ. ಹಡಗಿನ ಥಿಯೇಟರ್, ಊಟದ ಹಾಲ್, ಮೊಗಸಾಲೆಗಳಲ್ಲಿ ಏ.ಸಿ. ಇಡೀ ಹೊತ್ತು ನಡೆಯುತ್ತಿರುತ್ತದೆ. ಸಂಜೆಯಾದ ಮೇಲೆ ತೆರೆದ ಡೆಕ್‌ನಲ್ಲಿ ಗಾಳಿ ಜೋರು. ತಲಾ ಒಂದು ಶಾಲು ಅಥವಾ ತೆಳು ಸ್ವೆಟರ್ ಇರಲೇಬೇಕು. ಹಿರಿಯರಿಗೆ ಕಿವಿ ಮುಚ್ಚುವ ಸ್ಕಾರ್ಫ್, ಒಂದು ಜೊತೆ ಕಾಲುಚೀಲ ಸೇರಿಸಿ. ಇಡೀ ಬ್ಯಾಗಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ವಸ್ತು ಈ ಶಾಲೇ.

ಪಾದರಕ್ಷೆ ಎರಡು ಜೊತೆ, ಬಹಳವಾದರೆ ಮೂರು. ಕಾಲಲ್ಲಿ ಹಾಕಿಕೊಂಡ ರಬ್ಬರ್ ತಳದ ಶೂ ಒಂದು, ನೀರಿಗೂ ಮರಳಿಗೂ ಆಗುವ ಚಪ್ಪಲಿ ಒಂದು. ಹಿಮ್ಮಡಿ ಎತ್ತರದ್ದು ಬೇಡ: ನೆಲ ಸಣ್ಣಗೆ ಅಲುಗುತ್ತಿರುತ್ತದೆ, ಡೆಕ್ ಒದ್ದೆಯಿದ್ದರೆ ಜಾರುತ್ತದೆ. ಪ್ರವಾಸಕ್ಕೆಂದೇ ಕೊಂಡ ಹೊಸ ಚಪ್ಪಲಿಯನ್ನು ಒಂದು ವಾರ ಮೊದಲೇ ಹಾಕಿ ಪಳಗಿಸಿ.

ಬಟ್ಟೆಗಳನ್ನು ಸುರುಳಿ ಸುತ್ತಿ ಪೌಚ್‌ಗೆ ತುಂಬುವಾಗ ಶರ್ಟ್ ಒಂದು ಕಡೆ, ಪ್ಯಾಂಟ್ ಇನ್ನೊಂದು ಕಡೆ ಎಂದು ವಿಂಗಡಿಸಬೇಡಿ, ದಿನದ ಪ್ರಕಾರ ವಿಂಗಡಿಸಿ. ಒಂದು ದಿನಕ್ಕೆ ಒಂದು ಪೌಚ್. ಇಕ್ಕಟ್ಟಿನ ಕ್ಯಾಬಿನ್‌ನಲ್ಲಿ ಇಡೀ ಬ್ಯಾಗ್ ಕೆದಕುವ ಕೆಲಸ ತಪ್ಪುತ್ತದೆ.

## 4. ಸ್ನಾನದ ಸಾಮಾನು

ಟವೆಲ್ ಬೇಡ. ಕ್ಯಾಬಿನ್‌ನಲ್ಲೂ ಕೊಳದ ಬಳಿಯಲ್ಲೂ ಹಡಗಿನವರೇ ಕೊಡುತ್ತಾರೆ. ಸೋಪು, ಶಾಂಪೂ, ಹೇರ್ ಡ್ರೈಯರ್ ಸಾಮಾನ್ಯವಾಗಿ ಇರುತ್ತವೆ. ಹಲ್ಲುಜ್ಜುವ ಬ್ರಶ್, ಸಣ್ಣ ಪೇಸ್ಟ್, ಬಾಚಣಿಗೆ, ಸನ್‌ಸ್ಕ್ರೀನ್, ಪುಟ್ಟ ಬಾಟಲಿಯಲ್ಲಿ ತಲೆಗೆಣ್ಣೆ. ಎಣ್ಣೆಯ ಬಾಟಲಿಯ ಮುಚ್ಚಳದ ಅಡಿಗೆ ಪ್ಲಾಸ್ಟಿಕ್ ತುಂಡೊಂದನ್ನು ಇಟ್ಟು ಬಿಗಿಯಿರಿ, ಸೋರುವುದಿಲ್ಲ. ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರ್ ಮನೆಯಿಂದಲೇ ಒಯ್ಯಿರಿ. ಹಡಗಿನ ಅಂಗಡಿಯಲ್ಲಿ ಬೇಕಾದದ್ದು ಸಿಗುವ ಖಾತರಿಯಿಲ್ಲ, ಸಿಕ್ಕರೆ ಬೆಲೆ ದುಬಾರಿ.

## 5. ಪ್ಲಗ್, ಚಾರ್ಜರ್, ಫೋನ್

ಹಡಗಿನ ಗೋಡೆಯಲ್ಲಿ ನಮ್ಮ ಮೂರು ಗುಂಡುಕಡ್ಡಿಯ ಪ್ಲಗ್‌ಗೆ ಜಾಗವಿರುವುದು ಅಪರೂಪ. ಹೆಚ್ಚಾಗಿ ಅಮೆರಿಕದ ಚಪ್ಪಟೆ ಎರಡುಕಡ್ಡಿಯದು, ಯುರೋಪಿನ ಗುಂಡನೆಯ ಎರಡುಕಡ್ಡಿಯದು ಇರುತ್ತವೆ, ಅದೂ ಒಂದೆರಡು ಮಾತ್ರ. ಒಂದು ಯೂನಿವರ್ಸಲ್ ಅಡಾಪ್ಟರ್, ನಾಲ್ಕು ಯು.ಎಸ್.ಬಿ. ಕಿಂಡಿಗಳಿರುವ ಒಂದು ಚಾರ್ಜರ್ ಒಯ್ದರೆ ಮನೆಯವರೆಲ್ಲರ ಫೋನ್ ಒಟ್ಟಿಗೆ ಚಾರ್ಜ್ ಆಗುತ್ತದೆ. ಚಾರ್ಜರ್ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ನೋಡಿ. ಅಮೆರಿಕದ ಮಾದರಿಯ ಸಾಕೆಟ್‌ನಲ್ಲಿ 110 ವೋಲ್ಟ್ ಮಾತ್ರ ಇರುವುದರಿಂದ 230 ವೋಲ್ಟ್‌ನ ಹೇರ್ ಸ್ಟ್ರೈಟ್ನರ್ ಅಲ್ಲಿ ಸರಿಯಾಗಿ ಬಿಸಿಯಾಗುವುದಿಲ್ಲ.

ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಆಗ ಫೋನ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಾಗೆ ಮಾಡದಿದ್ದರೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಏರಿಸಬಹುದು. ಟಿಕೆಟ್, ಗುರುತುಪತ್ರದ ಪ್ರತಿ, ಓದುವ–ಕೇಳುವ ಸಾಮಗ್ರಿ ಮನೆಯಲ್ಲೇ ಡೌನ್‌ಲೋಡ್ ಆಗಿರಲಿ. ಊರಿನಲ್ಲಿರುವ ಅಪ್ಪಅಮ್ಮನಿಗೆ ಎರಡು ದಿನ ಫೋನ್ ಹತ್ತುವುದಿಲ್ಲವೆಂದು ತಿಳಿಸಿಟ್ಟರೆ ಅವರೂ ಗಾಬರಿಯಾಗುವುದಿಲ್ಲ.

## 6. ದಾದರ್ ಸೇತುವೆಯ ಪರೀಕ್ಷೆ

ಬ್ಯಾಗ್ ತುಂಬಿದ ಮೇಲೆ ಅದನ್ನು ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. 7 ಕಿಲೋ ದಾಟಿದ್ದರೆ ಮತ್ತೆ ತೆರೆಯಿರಿ. ತೂಕದ ಯಂತ್ರ ಇಲ್ಲದವರು ಬ್ಯಾಗನ್ನು ಒಂದೇ ಕೈಯಲ್ಲಿ ಹಿಡಿದು, ನಿಲ್ಲದೆ, ಎರಡು ಮಾಳಿಗೆಯ ಮೆಟ್ಟಿಲು ಹತ್ತಿ. ದಾದರ್ ಸ್ಟೇಷನ್ನಿನ ಸೇತುವೆಯನ್ನು ಬೆಳಗಿನ ಗರ್ದಿಯಲ್ಲಿ ಆ ಬ್ಯಾಗ್ ಹಿಡಿದು ದಾಟಬಲ್ಲಿರಿ ಎಂದಾದರೆ ಹಡಗಿಗೂ ಅದು ಸರಿ. ಮೊದಲ ದಿನ ಲಿಫ್ಟ್‌ಗಳ ಮುಂದೆ ಜನವೋ ಜನ, ಮೆಟ್ಟಿಲೇ ಗತಿ.

ತೆಗೆಯುವಾಗ ಒಂದೇ ನಿಯಮ. "ಇರಲಿ ಮಾರಾಯ್ತಿ, ಬೇಕಾದೀತು" ಎಂದು ಅತ್ತೆಯೋ ಅಕ್ಕನೋ ಹೇಳಿ ಹಾಕಿಸಿದ್ದು ಯಾವುದೋ, ಅದು ಯಾವ ದಿನ, ಎಷ್ಟು ಹೊತ್ತಿಗೆ ಬೇಕಾಗುತ್ತದೆಂದು ಕೇಳಿ. ಉತ್ತರ ಬಂದರೆ ಇಡಿ, ಬಾರದಿದ್ದರೆ ತೆಗೆಯಿರಿ. ಕೇಳುವಾಗ ದನಿ ಮೆತ್ತಗಿರಲಿ, ಅವರು ಹೇಳಿದ್ದು ಕಾಳಜಿಯಿಂದ.

ಔಷಧಿ, ಶಾಲು, ಮಕ್ಕಳ ಬದಲಿ ಬಟ್ಟೆ, ಈ ಮೂರನ್ನು ಮಾತ್ರ ತೂಕ ಇಳಿಸಲೆಂದು ತೆಗೆಯಬೇಡಿ.

## 7. ಹತ್ತುವ ದಿನ

ಹಡಗು ಹತ್ತುವುದು ಬಲ್ಲಾರ್ಡ್ ಎಸ್ಟೇಟ್ ಪಕ್ಕದ ಬಂದರು ಪ್ರದೇಶದಲ್ಲಿ. ಯಾವ ಗೇಟ್ ಎಂಬುದಕ್ಕೆ ಟಿಕೆಟ್‌ನಲ್ಲಿ ಬರೆದದ್ದನ್ನೇ ನಂಬಿ, ಹೋಗಿಬಂದವರ ನೆನಪನ್ನಲ್ಲ. ಮಾಟುಂಗಾ, ಮುಲುಂಡ್, ಡೊಂಬಿವಲಿಯಿಂದ ಬರುವವರಿಗೆ ವಿ.ಟಿ.ಗೆ (ಈಗಿನ ಸಿ.ಎಸ್.ಎಂ.ಟಿ. ಸ್ಟೇಷನ್) ನೇರ ಲೋಕಲ್ ಇದೆ. ಪುಣೆಯವರು ಡೆಕ್ಕನ್ ಕ್ವೀನ್ ಹಿಡಿದರೆ ಮಧ್ಯಾಹ್ನದೊಳಗೆ ವಿ.ಟಿ.ಯಲ್ಲಿ ಇಳಿಯುತ್ತಾರೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಹತ್ತಿರವೇ. ಭಾನುವಾರ ಹೊರಡುವುದಾದರೆ ಸೆಂಟ್ರಲ್ ಲೈನಿನ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ನಿಲ್ಲಿಸುವುದು) ಎಲ್ಲಿಂದ ಎಲ್ಲಿಗೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ಬ್ಯಾಗ್ ಒಪ್ಪಿಸುವ ಮೊದಲು ಹಳೆಯ ವಿಮಾನದ ಚೀಟಿಗಳನ್ನು ಕಿತ್ತುಹಾಕಿ, ಹಡಗಿನ ಟ್ಯಾಗ್ ಮೇಲೆ ಕ್ಯಾಬಿನ್ ಸಂಖ್ಯೆ ಸರಿಯಿದೆಯೇ ನೋಡಿ. ಬ್ಯಾಗಿನ ಒಳಗೂ ಹೆಸರು, ಫೋನ್ ನಂಬರ್ ಬರೆದ ಒಂದು ಚೀಟಿ ಹಾಕಿ. ಹೊರಗಿನ ಟ್ಯಾಗ್ ಹರಿದುಹೋದರೆ ಅದೇ ಆಧಾರ. ಹಿಡಿಕೆಗೆ ಬಣ್ಣದ ಬಟ್ಟೆಯ ತುಂಡು ಕಟ್ಟಿ. ಕಪ್ಪು ಬ್ಯಾಗ್‌ಗಳು ನೂರಾರು ಇರುತ್ತವೆ.

ಒಂದು ಎಚ್ಚರಿಕೆಯ ಸೂಚನೆ: ಅಕ್ಕಪಕ್ಕದ ಕ್ಯಾಬಿನ್‌ಗಳ ಬ್ಯಾಗ್‌ಗಳೆಲ್ಲ ಬಂದು ನಿಮ್ಮದೊಂದು ಮಾತ್ರ ಬಂದಿಲ್ಲವಾದರೆ ಅದು ಕಳೆದುಹೋಗಿಲ್ಲ. ಬಹುಮಟ್ಟಿಗೆ ಸ್ಕ್ಯಾನರ್‌ನಲ್ಲಿ ಇಸ್ತ್ರಿಪೆಟ್ಟಿಗೆಯೋ ಚಾಕುವೋ ಕಂಡು ಸೆಕ್ಯೂರಿಟಿಯಲ್ಲಿ ತಡೆದಿಟ್ಟಿರುತ್ತಾರೆ. ಕಾಯುತ್ತ ಕೂರಬೇಡಿ, ಸ್ವಾಗತ ಕೌಂಟರಿಗೆ ಹೋಗಿ ಕೇಳಿ.

ಹಡಗು ಹೊರಡುವ ಹೊತ್ತಿಗೆ ಸುರಕ್ಷತಾ ಡ್ರಿಲ್ ಇರುತ್ತದೆ. ಇದನ್ನು ತಪ್ಪಿಸಲೇಬೇಡಿ. 2012 ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕೊರ್ಡಿಯಾ ಬಂಡೆಗೆ ತಾಗಿ 32 ಮಂದಿ ಸತ್ತರು. ಅಂದು ಹೊಸದಾಗಿ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಆಗಿರಲೇ ಇಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕೆಂಬ ನಿಯಮ ಆಮೇಲೆ ಬಂತು. ಶೂ ಹಾಕಿಕೊಂಡು, ಮಕ್ಕಳ ಕೈಹಿಡಿದು, ನಿಮ್ಮ ಕ್ಯಾಬಿನ್‌ನಿಂದ, ಅಪಾಯದ ಹೊತ್ತಿಗೆ ಎಲ್ಲರೂ ಸೇರಬೇಕಾದ ಜಾಗಕ್ಕೆ ಒಂದು ಸಲ ಮೆಟ್ಟಿಲಲ್ಲೇ ನಡೆದು ನೋಡಿ.

## 8. ಕ್ಯಾಬಿನ್ ಹೊಂದಿಸಿಕೊಳ್ಳಿ

ಬ್ಯಾಗ್ ಬಂದ ಮೇಲೆ ಅರ್ಧ ಗಂಟೆ ಇದಕ್ಕೇ ಕೊಡಿ. ಪೌಚ್‌ಗಳನ್ನು ಕಪಾಟಿನ ಅರೆಯಲ್ಲಿಟ್ಟು ಖಾಲಿ ಬ್ಯಾಗನ್ನು ಮಂಚದ ಅಡಿಗೆ ತಳ್ಳಿ. ಕಪಾಟಿನಲ್ಲಿ ಲೈಫ್ ಜಾಕೆಟ್‌ಗಳಿದ್ದರೆ ಜಾಗ ಹಿಡಿಯುತ್ತವೆಂದು ಅವನ್ನು ಕೆಳಗೆಲ್ಲೋ ತುರುಕಬೇಡಿ.

ಈಗ ಅಯಸ್ಕಾಂತದ ಕೊಕ್ಕೆಗಳು. ಹೆಚ್ಚಿನ ಹಡಗುಗಳಲ್ಲಿ ಕ್ಯಾಬಿನ್‌ನ ಗೋಡೆ ಉಕ್ಕಿನ ತಗಡಿನದು, ಮೇಲೆ ಬಣ್ಣದ ಹೊದಿಕೆ ಇರುತ್ತದೆ. ಕೊಕ್ಕೆ ಟಪ್ ಎಂದು ಅಂಟಿಕೊಳ್ಳುತ್ತದೆ. ಬಾಗಿಲ ಪಕ್ಕ ಒಂದಕ್ಕೆ ಕ್ಯಾಬಿನ್ ಕಾರ್ಡ್ ಮತ್ತು ಟೋಪಿ, ಇನ್ನೊಂದಕ್ಕೆ ಶಾಲು, ಮಂಚದ ಬದಿಯದಕ್ಕೆ ಕನ್ನಡಕದ ಪೌಚ್, ಬಾತ್‌ರೂಮಿನ ಹೊರಗೆ ಒದ್ದೆ ಬಟ್ಟೆ. ಮೇಜು ಖಾಲಿ ಉಳಿಯುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಇದಕ್ಕಿಂತ ಉಪಯೋಗದ ವಸ್ತು ನನಗೆ ಬೇರೆ ಕಂಡಿಲ್ಲ.

ಸ್ನಾನದ ಜಾಗದಲ್ಲಿ ಒಂದು ಸಣ್ಣ ಗುಂಡನೆಯ ಡಬ್ಬಿಯಿಂದ ಎಳೆದು ಎದುರು ಗೋಡೆಗೆ ಸಿಕ್ಕಿಸುವ ದಾರ ಇದೆಯೇ ನೋಡಿ, ಬಹಳ ಕ್ಯಾಬಿನ್‌ಗಳಲ್ಲಿರುತ್ತದೆ. ರಾತ್ರಿ ಹಿಂಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ಅಲ್ಲಿ ಹರಡಿದರೆ ತೆಳು ಒಳಉಡುಪು ಬೆಳಿಗ್ಗೆಗೆ ಒಣಗುತ್ತದೆ. ಜೀನ್ಸ್, ದಪ್ಪ ಹತ್ತಿ ಒಣಗುವುದಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಹರಡಬೇಡಿ. ಗಾಳಿಗೆ ಹಾರಿ ಸಮುದ್ರ ಸೇರುತ್ತದೆ, ಹಡಗಿನವರೂ ಒಪ್ಪುವುದಿಲ್ಲ.

ಹಿರಿಯರಿದ್ದರೆ ಎರಡು ಜಾಗ ತೋರಿಸಿಡಿ. ಬಾತ್‌ರೂಮಿನ ಹೊಸ್ತಿಲು ಎತ್ತರವಾಗಿರುತ್ತದೆ, ನಿದ್ದೆಗಣ್ಣಲ್ಲಿ ಎಡವುವುದು ಅಲ್ಲೇ. ಕಿಟಕಿಯಿಲ್ಲದ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಕೈ ಕಾಣದಷ್ಟು ಕತ್ತಲೆ, ಬಾತ್‌ರೂಮಿನ ದೀಪ ಉರಿಯುತ್ತಿರಲಿ, ಬಾಗಿಲು ಸ್ವಲ್ಪ ತೆರೆದಿರಲಿ. ಡೆಕ್‌ಗೆ ಹೋಗುವ ಬಾಗಿಲುಗಳು ಭಾರ, ಗಾಳಿಗೆ ಧಡಾರೆಂದು ಮುಚ್ಚುತ್ತವೆ. ಮಕ್ಕಳ ಬೆರಳು ಬಾಗಿಲ ಸಂದಿನಲ್ಲಿ ಇಲ್ಲವೆಂದು ನೋಡಿಯೇ ಕೈಬಿಡಿ.

## 9. ತಲೆಸುತ್ತು, ವಾಂತಿ

ಒಳಗಿವಿಗೆ ಚಲನೆ ತಿಳಿಯುತ್ತದೆ, ಕಣ್ಣಿಗೆ ಎದುರಿನ ಗೋಡೆ ನಿಂತೇ ಇರುವಂತೆ ಕಾಣುತ್ತದೆ. ಎರಡರ ಸುದ್ದಿ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಘಾಟಿ ಹತ್ತುವಾಗ ಆಗುವುದೂ ಇದೇ. ದೊಡ್ಡ ಹಡಗಿನ ಎರಡೂ ಬದಿಗೆ ನೀರಿನಡಿ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುವುದರಿಂದ ಓಲಾಟ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಒರಟು. ಬೇಗ ತಲೆಸುತ್ತುವವರು ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗಿನ ಪ್ರವಾಸ ಆರಿಸಿ, ಬುಕ್ ಮಾಡುವಾಗಲೇ ಹಡಗಿನ ನಡುಭಾಗದ, ಕೆಳ ಡೆಕ್‌ನ ಕ್ಯಾಬಿನ್ ಕೇಳಿ. ಓಲಾಟ ಅಲ್ಲಿ ಅತಿ ಕಡಿಮೆ.

ಎಲ್ಲರೂ ಮಾಡುವ ತಪ್ಪು, ವಾಂತಿ ಶುರುವಾದ ಮೇಲೆ ಮಾತ್ರೆ ನುಂಗುವುದು. ಆಗ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಅವೊಮಿನ್‌ನಂಥ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಅದರಿಂದ ನಿದ್ದೆ ಬರುತ್ತದೆ, ಮದ್ಯದ ಜೊತೆ ಸಲ್ಲದು. ಮಕ್ಕಳಿಗೆ, ಗರ್ಭಿಣಿಯರಿಗೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ನಿಮ್ಮ ಡಾಕ್ಟರನ್ನು ಕೇಳದೆ ಕೊಡಬೇಡಿ.

ಹೊಟ್ಟೆ ತೊಳಸಲು ಶುರುವಾದರೆ ಕ್ಯಾಬಿನ್‌ನಲ್ಲಿ ಮುದುಡಿ ಫೋನ್ ನೋಡುತ್ತ ಕೂರಬೇಡಿ. ಡೆಕ್‌ಗೆ ಬಂದು, ಹಡಗು ಹೋಗುವ ದಿಕ್ಕಿಗೆ ಮುಖಮಾಡಿ, ನೀರು ಮುಗಿಲು ಕೂಡುವ ಗೆರೆಯನ್ನು ನೋಡುತ್ತ ನಿಧಾನವಾಗಿ ಉಸಿರಾಡಿ. ಹೊಟ್ಟೆ ಖಾಲಿ ಬಿಡಬೇಡಿ, ಎಣ್ಣೆ–ಮಸಾಲೆಯದನ್ನೂ ಹಾಕಬೇಡಿ: ಒಣ ಬ್ರೆಡ್, ಮೊಸರನ್ನ, ಒಂದು ಚೂರು ಶುಂಠಿ.

ವಾಂತಿಯ ಜೊತೆ ಭೇದಿಯೂ ಇದ್ದರೆ ಅದು ಬಹುಮಟ್ಟಿಗೆ ಓಲಾಟದ ಕಾಯಿಲೆಯಲ್ಲ, ಹೊಟ್ಟೆಯ ಸೋಂಕು. ಹಲವು ಗಂಟೆ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಸಕ್ಕರೆ ಕಾಯಿಲೆಯವರು ಊಟ ಬಿಟ್ಟು ಮಂಕಾಗಿದ್ದರೆ ತಡಮಾಡದೆ ಹಡಗಿನ ವೈದ್ಯರ ಬಳಿ ಹೋಗಿ. ಶುಲ್ಕ ಇರುತ್ತದೆ, ಅದಕ್ಕೆ ಹಿಂಜರಿಯಬೇಡಿ. ಬಫೆಗೆ ಹೋಗುವ ಮುನ್ನ ಸೋಪು ಹಚ್ಚಿ ಕೈತೊಳೆಯಿರಿ. ಹಡಗುಗಳಲ್ಲಿ ಬೇಗ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ.

## 10. ಗೋವಾದಲ್ಲಿ ಇಳಿದಾಗ

ಹಡಗು ನಿಲ್ಲುವುದು ವಾಸ್ಕೊ ಪಕ್ಕದ ಮುರ್ಮುಗೋವಾ ಬಂದರಿನಲ್ಲಿ. ಅಲ್ಲಿಂದ ಪಣಜಿಗೆ ಸುಮಾರು 30–35 ಕಿ.ಮೀ., ಕಲಂಗುಟ್ ಅದಕ್ಕೂ ಆಚೆ. ಸಿಗುವ ಆರೇಳು ಗಂಟೆಯಲ್ಲಿ ಉತ್ತರ ಗೋವಾ ಮುಗಿಸಿ ಬರುತ್ತೇವೆಂದು ಹೊರಡುವವರೇ ಕೊನೆಗೆ ಓಡೋಡಿ ಬರುವವರು. ಬೊಗ್ಮಾಲೊ ಕಡಲತೀರ ಹತ್ತಿರ. ಮಂಗೇಶಿ, ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ನೋಡುವವರು ಭುಜ, ಮೊಣಕಾಲು ಮುಚ್ಚುವ ಬಟ್ಟೆಯಲ್ಲಿ ಹೋಗಿ, ಚಡ್ಡಿಯಲ್ಲಿ ಅಲ್ಲ. ವಾಸ್ಕೊ ಪೇಟೆಯಲ್ಲಿ ನಮ್ಮ ಉತ್ತರ ಕರ್ನಾಟಕದ ಕಡೆಯವರು ಬಹಳ, ಕನ್ನಡದಲ್ಲೇ ದಾರಿ ಕೇಳಬಹುದು.

ಮಡಚಿ ತಂದ ಬಟ್ಟೆಯ ಕೈಚೀಲ ಇಲ್ಲಿ ಹೊರಬರುತ್ತದೆ. ಹಡಗಿನ ಕಾರ್ಡ್, ಗುರುತುಪತ್ರ, ನೀರು, ಟೋಪಿ, ಸ್ವಲ್ಪ ನಗದು, ಆ ಹೊತ್ತಿನ ಮಾತ್ರೆ. ವಾಪಸ್ ಹತ್ತಬೇಕಾದ ಕೊನೆಯ ವೇಳೆ ಹಡಗು ಹೊರಡುವ ವೇಳೆಗಿಂತ ಮೊದಲೇ ಇರುತ್ತದೆ. ಅದನ್ನೂ, ದಿನದ ಕಾರ್ಯಕ್ರಮ ಪಟ್ಟಿಯಲ್ಲಿರುವ ಬಂದರಿನ ಏಜೆಂಟರ ನಂಬರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಕಂಪನಿಯದೇ ಬಸ್ಸಿನಲ್ಲಿ ಹೋದರೆ ತಡವಾದರೂ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಸ್ವಂತ ಟ್ಯಾಕ್ಸಿಗೆ ಕಾಯುವುದಿಲ್ಲ.

ಗೋಡಂಬಿ ಕೊಳ್ಳಿ, ಅರ್ಧ ಕಿಲೋ ಹಗುರ. ಫೆನಿಯ ಬಾಟಲಿ ಬೇಡ. ಹಡಗಿನ ಸೆಕ್ಯೂರಿಟಿಯವರು ತೆಗೆದಿಟ್ಟುಕೊಳ್ಳುತ್ತಾರೆ. ವಾಪಸ್ ಹತ್ತುವ ಮೊದಲು ಚಪ್ಪಲಿಯ ಮರಳು ಕೊಡವಿ, ಪ್ಲಾಸ್ಟಿಕ್ ಕವರಿಗೆ ಹಾಕಿ.

## 11. ಕೊನೆಯ ರಾತ್ರಿ

ಹಲವು ಹಡಗುಗಳಲ್ಲಿ ದೊಡ್ಡ ಬ್ಯಾಗನ್ನು ಹಿಂದಿನ ರಾತ್ರಿಯೇ ಹೊಸ ಟ್ಯಾಗ್ ಹಾಕಿ ಕ್ಯಾಬಿನ್ ಹೊರಗೆ ಇಡಬೇಕು. ಎಷ್ಟು ಗಂಟೆಯೊಳಗೆ ಎಂಬುದು ಅಂದಿನ ಕಾರ್ಯಕ್ರಮ ಪಟ್ಟಿಯಲ್ಲಿರುತ್ತದೆ. ಇಲ್ಲಿ ಆಗುವ ಅನಾಹುತ ಒಂದೇ: ಉತ್ಸಾಹದಲ್ಲಿ ಎಲ್ಲವನ್ನೂ ತುಂಬಿ ಹೊರಗಿಟ್ಟು, ಬೆಳಿಗ್ಗೆ ಹಾಕಿಕೊಳ್ಳಲು ಬಟ್ಟೆಯೇ ಇರುವುದಿಲ್ಲ. ಆದ್ದರಿಂದ ಕ್ರಮ ಮತ್ತೆ ಅದೇ. ಮರುದಿನದ ಬಟ್ಟೆ, ಒಳಉಡುಪು, ಶೂ ಮೊದಲು ಕುರ್ಚಿಯ ಮೇಲೆ ತೆಗೆದಿಡಿ. ಮಾತ್ರೆ, ಗುರುತುಪತ್ರ, ಚಾರ್ಜರ್, ಬ್ರಶ್ ಸಣ್ಣ ಚೀಲಕ್ಕೆ. ಉಳಿದದ್ದು ದೊಡ್ಡ ಬ್ಯಾಗಿಗೆ. ಬ್ಯಾಗ್ ನೀವೇ ಎತ್ತಿ ಇಳಿಸುವಷ್ಟು ಹಗುರವಿದ್ದರೆ ಹೊರಗಿಡದೆ ಬೆಳಿಗ್ಗೆ ಕೈಯಲ್ಲೇ ಒಯ್ಯಬಹುದೇ ಎಂದು ಕೇಳಿ. ಹೆಚ್ಚಾಗಿ ಬಿಡುತ್ತಾರೆ, ಬಂದರಿನ ಹಾಲ್‌ನಲ್ಲಿ ಕಾಯುವುದು ತಪ್ಪುತ್ತದೆ.

ಹಡಗಿನ ಖಾತೆಯ ಬಿಲ್ ರಾತ್ರಿಯೇ ನೋಡಿ. ಖರ್ಚೆಲ್ಲ ಕ್ಯಾಬಿನ್ ಕಾರ್ಡಿನ ಮೇಲೆ ಬರೆದಿರುತ್ತಾರೆ, ಅನುಮಾನವಿದ್ದರೆ ಬೆಳಗಿನ ಸಾಲಿಗಿಂತ ರಾತ್ರಿ ಕೇಳುವುದು ಸುಲಭ.

ಕೊಕ್ಕೆಗಳನ್ನು ಗೋಡೆಯಿಂದ ಕಿತ್ತುಕೊಳ್ಳಿ, ತಿಜೋರಿ ತೆರೆದು ನೋಡಿ, ಸಾಕೆಟ್‌ನಲ್ಲಿ ಅಡಾಪ್ಟರ್ ಉಳಿದಿದೆಯೇ ನೋಡಿ. ಒದ್ದೆ ಈಜುಡುಗೆಯ ಕವರನ್ನು ಸಣ್ಣ ಚೀಲದಲ್ಲೇ ಒಯ್ದು, ಮನೆ ಸೇರಿದ ಕೂಡಲೇ ಸಿಹಿನೀರಿನಲ್ಲಿ ಹಿಂಡಿ ಹರಡಿ. ಕ್ಲೋರಿನ್ ಮತ್ತು ಉಪ್ಪು ಒಂದು ರಾತ್ರಿ ಹಾಗೇ ಕೂತರೂ ಲೈಕ್ರಾ ಹಾಳಾಗುತ್ತದೆ.